ಬಿಸ್ಕೆಟ್ ಟ್ರಫಲ್ ಕೈಕೊಟ್ಟಾಗ: ಎಲ್ಲಿ ತಪ್ಪಿದೆ, ಎಲ್ಲಿಂದ ನೋಡಬೇಕು

ಕಳೆದ ಡಿಸೆಂಬರ್ 24ರ ರಾತ್ರಿ ಹನ್ನೊಂದು ಗಂಟೆ. ನಮ್ಮ ಅಡುಗೆಮನೆ ಕಟ್ಟೆಯ ಮೇಲೆ ಮೂವತ್ತು ಬಿಸ್ಕೆಟ್ ಟ್ರಫಲ್, ಅಂದರೆ ಬಿಸ್ಕೆಟ್ ಪುಡಿಯ ಚಾಕೊಲೇಟ್ ಉಂಡೆ, ಇರಬೇಕಿತ್ತು. ಇದ್ದದ್ದು ಇಪ್ಪತ್ತೆಂಟು. ಎರಡು ಕರಗಿದ ಚಾಕೊಲೇಟಿನ ಬಟ್ಟಲಲ್ಲಿ ಮುಳುಗಿ ಕಾಣೆಯಾಗಿದ್ದವು. ಉಳಿದವುಗಳಲ್ಲಿ ಎಂಟು ಬಿರುಕು ಬಿಟ್ಟಿದ್ದವು. ಓವನ್ ಬೇಡ, ಪಾಕ ಬೇಡ, ಮೂರೇ ಸಾಮಾನು. ಇಷ್ಟು ಸುಲಭದ್ದು ಹೀಗೂ ಆಟ ಆಡಿಸುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಆಮೇಲೆ ಹುಟ್ಟುಹಬ್ಬ, ಮನೆಗೆ ಬಂದ ನೆಂಟರು ಅಂತ ನೆಪ ಹುಡುಕಿ ಐದಾರು ಸಲ ಮಾಡಿದೆ. ನನ್ನ ದೊಡ್ಡ ತಪ್ಪು ಏನು ಅಂತ ಆಗ ಗೊತ್ತಾಯಿತು. ತೊಂದರೆ ಕಂಡ ತಕ್ಷಣ ಏನಾದರೂ ಸುರಿಯುತ್ತಿದ್ದೆ. ಒಂದು ಚಮಚ ಹಾಲು, ಒಂದು ಹಿಡಿ ಪುಡಿ, ಸ್ವಲ್ಪ ಬೆಣ್ಣೆ. ಹಾಕಿದ್ದನ್ನು ವಾಪಸ್ ತೆಗೆಯೋಕೆ ಆಗಲ್ಲ. ಕಾಯುವುದಕ್ಕೆ, ತಣಿಸುವುದಕ್ಕೆ, ಒಣ ಬಟ್ಟೆಯಲ್ಲಿ ಒರೆಸುವುದಕ್ಕೆ ದುಡ್ಡು ಖರ್ಚಾಗಲ್ಲ. ಅದಕ್ಕೇ ಇಲ್ಲಿ ಪ್ರತಿ ತೊಂದರೆಗೂ ಮೊದಲು ಕಾಯುವ ಪರೀಕ್ಷೆ ಇದೆ. ಸಾಮಾನು ಸೇರಿಸುವುದು ಆಮೇಲೆ.

ಸರಿಯಾಗಿದ್ದರೆ ಹೇಗಿರಬೇಕು

ಹೋಲಿಸಿ ನೋಡಲು ನನ್ನ ಅಳತೆ ಇದು. 300 ಗ್ರಾಂ ಚಾಕೊಲೇಟ್ ಕ್ರೀಮ್ ಬಿಸ್ಕೆಟ್ (ಓರಿಯೋ ತರಹದ್ದು, ಒಳಗಿನ ಕ್ರೀಮ್ ತೆಗೆಯಬೇಡಿ), 170 ಗ್ರಾಂ ಕ್ರೀಮ್ ಚೀಸ್, ಮೇಲೆ ಅದ್ದಲು 250 ಗ್ರಾಂ ಡಾರ್ಕ್ ಕಾಂಪೌಂಡ್ ಚಾಕೊಲೇಟ್ (ಕೋಕೋ ಬೀಜದ ಕೊಬ್ಬಿನ ಬದಲು ವೆಜಿಟೇಬಲ್ ಫ್ಯಾಟ್ ಹಾಕಿದ್ದು). ಇದರಲ್ಲಿ 15 ಗ್ರಾಮಿನ ಸುಮಾರು 30 ಉಂಡೆ ಆಗುತ್ತವೆ. ಸಣ್ಣ ನಿಂಬೆಹಣ್ಣಿಗಿಂತ ಸ್ವಲ್ಪ ಚಿಕ್ಕವು. ಕ್ರೀಮ್ ಚೀಸ್ ಸಿಗದಿದ್ದರೆ ಕಂಡೆನ್ಸ್ಡ್ ಮಿಲ್ಕ್ ಹಾಕಬಹುದು. ಆದರೆ ಅದೇ ಅಳತೆಗೆ ಸುರಿಯಬೇಡಿ. ಐದಾರು ಚಮಚದಿಂದ ಶುರು ಮಾಡಿ, ಉಂಡೆ ಕಟ್ಟುವ ಹದ ಬಂದ ಕೂಡಲೇ ನಿಲ್ಲಿಸಿ.

ಬಿಸ್ಕೆಟ್ ಪುಡಿ ಮಾಡಿ, ಚೀಸ್ ಕಲಸಿ, ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಉಂಡೆ ಕಟ್ಟಿ, ಮತ್ತೆ ಒಂದು ಗಂಟೆ ಫ್ರಿಜ್ಜಿನಲ್ಲಿಟ್ಟು, ಕರಗಿದ ಚಾಕೊಲೇಟಿನಲ್ಲಿ ಅದ್ದಿ ಬಟರ್ ಪೇಪರ್ ಮೇಲೆ ಇಡುವುದು. ಅಷ್ಟೇ ಕೆಲಸ. ಹದ ಸರಿಯಿದ್ದರೆ ಮಿಶ್ರಣ ಚಪಾತಿ ಹಿಟ್ಟಿಗಿಂತ ಮೆತ್ತಗಿರುತ್ತದೆ. ಅಂಗೈಯಲ್ಲಿ ಎರಡು ಸುತ್ತು ಉರುಳಿಸಿದರೆ ದುಂಡಗಾಗುತ್ತದೆ, ಕೈಗೆ ಸಣ್ಣ ಕಪ್ಪು ಜಿಡ್ಡು ಮಾತ್ರ ಉಳಿಯುತ್ತದೆ. ನಮ್ಮಮ್ಮ ಮೊದಲ ಸಲ ನೋಡಿದಾಗ ಹೇಳಿದ್ದು: "ಇದು ರವೆ ಉಂಡೇನೇ ಕಣೆ, ಬಣ್ಣ ಮಾತ್ರ ಬೇರೆ." ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಬಿಸಿ ಇರುವಾಗಲೇ ಕಟ್ಟಬೇಕು ಅನ್ನುವುದೊಂದು ಇಲ್ಲಿ ಉಲ್ಟಾ.

"ಕೈಗೆಲ್ಲ ಅಂಟ್ತಾ ಇದೆ, ಉಂಡೆ ಆಗ್ತಾನೇ ಇಲ್ಲ"

ಅತಿ ಹೆಚ್ಚು ಕೇಳುವ ದೂರು. ಮೊದಲು ಬೆರಳು ನೋಡಿ. ಮಿಶ್ರಣ ಬೆರಳಿಗೆ ಅಂಟಿಕೊಂಡು ಬೆಚ್ಚಗಿದೆಯಾ? ಹಾಗಿದ್ದರೆ ಅದು ಬರೀ ಬಿಸಿಯ ತೊಂದರೆ. ಮಿಕ್ಸಿ ತಿರುಗಿದ ಬಿಸಿಗೆ ಬಿಸ್ಕೆಟಿನ ಕ್ರೀಮು, ಚೀಸು ಎರಡೂ ಸಡಿಲವಾಗಿವೆ. ಅಗಲವಾದ ತಟ್ಟೆಗೆ ತೆಳ್ಳಗೆ ಹರಡಿ ಫ್ರಿಜ್ಜಿನಲ್ಲಿ 30 ನಿಮಿಷ ಇಡಿ. ಬಟ್ಟಲಲ್ಲಿ ಮುದ್ದೆಯಾಗಿಯೇ ಇಟ್ಟರೆ ನಡುಭಾಗ ಒಂದು ಗಂಟೆಯಾದರೂ ತಣ್ಣಗಾಗಲ್ಲ.

ತಣ್ಣಗಾದ ಮೇಲೂ ಅಂಟಿದರೆ ನೀರಿನಂಶ ಜಾಸ್ತಿ ಅಂತ ಅರ್ಥ. ಕಾರಣ ಸಾಮಾನ್ಯವಾಗಿ ಮೂರರಲ್ಲಿ ಒಂದು: ಮಿಕ್ಸಿ ಜಾರು ಒದ್ದೆಯಿತ್ತು, ಚೀಸು ಕಡಿಮೆ ಕೊಬ್ಬಿನದ್ದು, ಇಲ್ಲವೇ ಚೀಸ್ ಡಬ್ಬಿಯ ಮೇಲೆ ನಿಂತ ನೀರನ್ನು ಬಸಿಯದೇ ಹಾಕಿದ್ದೀರಿ. ಈಗ ಪುಡಿ ಸೇರಿಸಬಹುದು. ಒಂದು ಸಲಕ್ಕೆ ಎರಡೇ ಬಿಸ್ಕೆಟ್ ಪುಡಿ ಮಾಡಿ ಕಲಸಿ, ಹತ್ತು ನಿಮಿಷ ಬಿಡಿ. ಪುಡಿ ನೀರು ಹೀರಿಕೊಳ್ಳಲು ಅಷ್ಟು ಹೊತ್ತು ಬೇಕು. ಕಾಯದೇ ಮೇಲಿಂದ ಮೇಲೆ ಹಾಕಿದರೆ ಫ್ರಿಜ್ಜಿನಿಂದ ತೆಗೆದಾಗ ಕಲ್ಲಾಗಿರುತ್ತದೆ.

ಗಟ್ಟಿ ಮಾಡಲು ಹಸಿ ಮೈದಾ ಮಾತ್ರ ಹಾಕಬೇಡಿ. ಇದು ಒಲೆ ಕಾಣದ ತಿಂಡಿ. ಹಸಿ ಹಿಟ್ಟಿನಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು, ಅದನ್ನು ಕೊಲ್ಲುವ ಶಾಖ ಇಲ್ಲಿ ಎಲ್ಲೂ ಇಲ್ಲ. ಬೇಕೇ ಬೇಕಿದ್ದರೆ ಕೋಕೋ ಪುಡಿ ಒಂದು ಚಮಚ ಹಾಕಿ.

ಕಟ್ಟಿದ ಮೊಸರು ಹಾಕಿ ಮಾಡಿದವರೂ ಇದೇ ದೂರು ಹೇಳುತ್ತಾರೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಬಸಿದಿರಬೇಕು. ಎರಡು ತಾಸು ಬಸಿದರೆ ಸಾಲದು. ಎಷ್ಟು ಬಸಿದರೂ ಆ ಉಂಡೆ ಮಾರನೇ ದಿನಕ್ಕೆ ಮೆತ್ತಗಾಗುತ್ತದೆ. ಪಾರ್ಟಿ ದಿನವೇ ಮಾಡಿ ಅವತ್ತೇ ಖಾಲಿ ಮಾಡಿ.

"ಪುಡಿಪುಡಿಯಾಗಿ ಉದುರುತ್ತೆ"

ಒಂದು ಹಿಡಿ ತೆಗೆದುಕೊಂಡು ಗಟ್ಟಿಯಾಗಿ ಅದುಮಿ. ಮುಷ್ಟಿ ಬಿಚ್ಚಿದಾಗ ಬೆರಳ ಗುರುತು ನಿಂತರೆ ಹದ ಸರಿಯಿದೆ, ಮಿಶ್ರಣ ತುಂಬಾ ತಣ್ಣಗಿದೆ ಅಷ್ಟೇ. ಐದು ನಿಮಿಷ ಹೊರಗಿಡಿ, ಅಂಗೈ ಬಿಸಿಯಲ್ಲಿ ಅದುಮಿ ಆಮೇಲೆ ಉರುಳಿಸಿ.

ಮುಷ್ಟಿ ಬಿಚ್ಚಿದ ಕೂಡಲೇ ಒಡೆದು ಬಿದ್ದರೆ ಪುಡಿ ನೋಡಿ. ಕಾಳುಮೆಣಸಿನ ಗಾತ್ರದ ಚೂರು ಕಾಣುತ್ತಿದೆಯಾ? ಬಿಸ್ಕೆಟನ್ನು ಕವರಿನಲ್ಲಿ ಹಾಕಿ ಲಟ್ಟಣಿಗೆಯಲ್ಲಿ ಕುಟ್ಟಿದರೆ ಹೀಗಾಗುತ್ತದೆ. ಚಿರೋಟಿ ರವೆಯಷ್ಟು ನುಣ್ಣಗಾಗುವವರೆಗೆ ಇನ್ನೊಂದು ಸುತ್ತು ತಿರುಗಿಸಿ. ಆಮೇಲೂ ಉದುರಿದರೆ ಒಂದು ಟೀ ಚಮಚ ಚೀಸ್ ಅಥವಾ ಕಂಡೆನ್ಸ್ಡ್ ಮಿಲ್ಕ್ ಹಾಕಿ. ಹಾಲು ಬೇಡ. ಹಾಲು ಬೇಗ ಅಂಟು ಕೊಡುತ್ತದೆ, ಒಂದು ಚಮಚ ಹೆಚ್ಚಾದರೆ ನೇರ ಹಿಂದಿನ ತೊಂದರೆಗೆ ಹೋಗಿ ಬೀಳುತ್ತೀರಿ.

"ಮಿಕ್ಸಿ ತಟ್ಟನೆ ನಿಂತುಹೋಯ್ತು"

ಪಾಕವಿಧಾನ ಬರೆಯುವವರು ಇದನ್ನು ಯಾಕೋ ಬರೆಯಲ್ಲ. ಆದರೆ ನಮ್ಮಲ್ಲಿ ಆಗುವುದು ಇದೇ. ಬಿಸ್ಕೆಟು, ಚೀಸು ಎರಡನ್ನೂ ಒಟ್ಟಿಗೆ ಜಾರಿಗೆ ತುಂಬಿ ತಿರುಗಿಸಿದರೆ ಮಿಶ್ರಣ ಅಂಟಿನ ಮುದ್ದೆಯಾಗಿ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಮೋಟಾರಿಗೆ ಭಾರ ಜಾಸ್ತಿಯಾಗಿ ನಿಲ್ಲುತ್ತದೆ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತುಬಿಡಿ. ಜಾರು ತೆಗೆದು, ಚಮಚದ ಹಿಡಿಯಿಂದ ಮುದ್ದೆ ಬಿಡಿಸಿ. ಬ್ಲೇಡಿನ ಹತ್ತಿರ ಬೆರಳು ಬೇಡ. ಹತ್ತು ಹದಿನೈದು ನಿಮಿಷ ಮಿಕ್ಸಿ ತಣ್ಣಗಾಗಲಿ. ಆಮೇಲೆ ಅದನ್ನು ಮಗುಚಿ ತಳ ನೋಡಿ. ಬಹಳ ಮಿಕ್ಸಿಗಳಲ್ಲಿ ಅಲ್ಲೊಂದು ಸಣ್ಣ ಕೆಂಪು ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಅದು ಹೊರಗೆ ಬಂದು ಮೋಟಾರು ಸುಡದ ಹಾಗೆ ಕಾಯುತ್ತದೆ. ಒತ್ತಿದರೆ ಒಳಗೆ ಕೂರುತ್ತದೆ. ಖಾಲಿ ಜಾರು ಇಟ್ಟು ಒಂದು ಸಲ ತಿರುಗಿಸಿ ನೋಡಿ.

ಮತ್ತೆ ಮತ್ತೆ ನಿಂತರೆ, ಸುಟ್ಟ ವಾಸನೆ ಬಂದರೆ, ಕಿಡಿ ಕಂಡರೆ ಅಲ್ಲಿಗೆ ನಿಲ್ಲಿಸಿ. ಬಿಚ್ಚಿ ನೋಡುವ ಸಾಹಸ ಬೇಡ, ರಿಪೇರಿ ಅಂಗಡಿಗೆ ಕೊಡಿ. ಮುಂದಿನ ಸಲದಿಂದ ಮಿಕ್ಸಿಯಲ್ಲಿ ಬರೀ ಬಿಸ್ಕೆಟ್ ಪುಡಿ ಮಾಡಿ, ಚೀಸನ್ನು ಬಟ್ಟಲಲ್ಲಿ ಕೈಯಿಂದ ಕಲಸಿ. ಇದರಿಂದ ಇನ್ನೊಂದು ಲಾಭವೂ ಇದೆ. ಮಿಕ್ಸಿ ಬಿಸಿಗೆ ಕೊಬ್ಬು ಬೇರ್ಪಟ್ಟು ಉಂಡೆ ಮೇಲೆ ಎಣ್ಣೆ ಮಿನುಗುವುದು ತಪ್ಪುತ್ತದೆ.

"ಉಪ್ಪುಪ್ಪಾಗಿದೆ"

ನೀವು ತಂದಿರುವುದು ಕ್ರೀಮ್ ಚೀಸ್ ಅಲ್ಲ, ಬ್ರೆಡ್ಡಿಗೆ ಹಚ್ಚುವ ಚೀಸ್ ಸ್ಪ್ರೆಡ್. ಎರಡರ ಡಬ್ಬಿಯೂ ಒಂದೇ ಥರ ಕಾಣುತ್ತದೆ, ಫ್ರಿಜ್ಜಿನಲ್ಲಿ ಅಕ್ಕಪಕ್ಕವೇ ಇಟ್ಟಿರುತ್ತಾರೆ. ಮೆಣಸಿನಪುಡಿ, ಬೆಳ್ಳುಳ್ಳಿ ಸೇರಿದ್ದಾದರೆ ಏನೂ ಮಾಡೋಕೆ ಆಗಲ್ಲ. ಬರೀ ಉಪ್ಪಾದರೆ ಇನ್ನೊಂದು ಪ್ಯಾಕೆಟ್ ಬಿಸ್ಕೆಟ್, ಜೊತೆಗೆ ಕಂಡೆನ್ಸ್ಡ್ ಮಿಲ್ಕ್ ಸೇರಿಸಿ ದುಪ್ಪಟ್ಟು ಮಾಡಿಬಿಡಿ. ಡಾರ್ಕ್ ಚಾಕೊಲೇಟ್ ಕೆಳಗೆ ಸ್ವಲ್ಪ ಉಪ್ಪು ಚೆನ್ನಾಗಿಯೇ ಇರುತ್ತದೆ.

"ಚಾಕೊಲೇಟ್ ಕರಗ್ತಾ ಇತ್ತು, ಇದ್ದಕ್ಕಿದ್ದ ಹಾಗೆ ಗಟ್ಟಿ ಮುದ್ದೆ ಆಯ್ತು"

ಇದನ್ನು ಕಣ್ಣಾರೆ ನೋಡಿದವರಿಗೇ ಗೊತ್ತು. ಚಾಕೊಲೇಟ್ ರೇಷ್ಮೆಯ ಹಾಗೆ ಹರಿಯುತ್ತಿತ್ತು. ನಾನು ನಲ್ಲಿಯಲ್ಲಿ ತೊಳೆದ ಚಮಚ ಒರೆಸದೇ ಹಾಕಿದೆ. ಹಿಡಿಯಿಂದ ಒಂದು ಹನಿ ಜಾರಿ ಒಳಗೆ ಹೋಯಿತು. ಎರಡು ಸುತ್ತು ತಿರುಗಿಸುವಷ್ಟರಲ್ಲಿ ಹೊಳಪು ಮಾಯ. ಅಂಚಿನಲ್ಲಿ ಸಣ್ಣ ಸಣ್ಣ ಗಂಟು ಕಾಣಿಸಿಕೊಂಡವು. ಇನ್ನು ನಾಲ್ಕು ಸುತ್ತಿಗೆ ಇಡೀ ಬಟ್ಟಲು ಒದ್ದೆ ಮಣ್ಣಿನ ಹಾಗೆ ಚಮಚಕ್ಕೆ ಕಚ್ಚಿಕೊಂಡಿತು. 250 ಗ್ರಾಮನ್ನು ಒಂದು ಹನಿ ನೀರು ನಿಲ್ಲಿಸಿತ್ತು.

ಯಾಕೆ ಹೀಗೆ? ಸಕ್ಕರೆ ಡಬ್ಬಿಗೆ ಒದ್ದೆ ಚಮಚ ಹಾಕಿದರೆ ಏನಾಗುತ್ತದೆ ನೆನಪಿಸಿಕೊಳ್ಳಿ. ಚಾಕೊಲೇಟ್ ಅಂದರೆ ಸಕ್ಕರೆ ಮತ್ತು ಕೋಕೋದ ಅತಿ ನುಣುಪು ಕಣಗಳು ಕೊಬ್ಬಿನಲ್ಲಿ ತೇಲುತ್ತಿರುವುದು. ಸ್ವಲ್ಪ ನೀರು ಸೇರಿದರೆ ಸಕ್ಕರೆ ಒದ್ದೆಯಾಗಿ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ನೀರು ಎಲ್ಲಿಂದ ಬಂತು ಅಂತ ಹುಡುಕಿ. ಚಮಚ, ಬಟ್ಟಲು, ಕೈ ನೋಡಿ. ಬಿಸಿನೀರಿನ ಪಾತ್ರೆ ಮೇಲೆ ಬಟ್ಟಲಿಟ್ಟು ಕರಗಿಸಿದ್ದರೆ ಪಕ್ಕದಿಂದ ಬಂದ ಆವಿ ಇರಬಹುದು. ಬಟ್ಟಲು ಪಾತ್ರೆಯ ಬಾಯಿಗಿಂತ ದೊಡ್ಡದಿರಬೇಕು, ತಳ ನೀರಿಗೆ ತಾಗಬಾರದು, ನೀರು ಕೊತಕೊತ ಕುದಿಯಬಾರದು. ಮುಚ್ಚಳ ಮುಚ್ಚಿದರೆ ಅದರ ಒಳಗಿನ ಹನಿಯೇ ಬೀಳುತ್ತದೆ. ವೆನಿಲ್ಲಾ ಎಸೆನ್ಸ್ ಎರಡು ಹನಿ ಹಾಕಿದಿರಾ? ಅದೂ ಸಾಕು. ಬಿಳಿ ಚಾಕೊಲೇಟಿಗೆ ಕೆಂಪು ಹಸಿರು ಮಾಡಲು ಹೋಗಿ ಕೆಡಿಸುವುದೂ ಹೀಗೇ. ಅಂಗಡಿಯ ಮಾಮೂಲಿ ಫುಡ್ ಕಲರಿನಲ್ಲಿ ನೀರಿದೆ. ಚಾಕೊಲೇಟಿಗೆ ಎಣ್ಣೆಯಲ್ಲಿ ಬೆರೆಯುವ ಬಣ್ಣವೇ ಬೇಕು.

ಗಂಟು ಕಟ್ಟಿದ ಮೇಲೆ ಅದು ಅದ್ದುವ ಕೆಲಸಕ್ಕೆ ಬರಲ್ಲ. ಜಾಸ್ತಿ ಬಿಸಿ ಮಾಡಿದರೆ ಇನ್ನೂ ಕೆಡುತ್ತದೆ. ಆದರೆ ಎಸೆಯಬೇಡಿ. ವಿಚಿತ್ರ ಏನೆಂದರೆ, ಒಂದು ಹನಿ ಕೆಡಿಸಿದ್ದನ್ನು ಒಂದು ಸೌಟು ಸರಿ ಮಾಡುತ್ತದೆ. ಪ್ರತಿ 50 ಗ್ರಾಮಿಗೆ ಒಂದು ದೊಡ್ಡ ಚಮಚ (15 ಮಿಲಿ) ಬಿಸಿ ಹಾಲು ಹಾಕಿ ಜೋರಾಗಿ ತಿರುಗಿಸಿ, ನುಣ್ಣನೆ ಸಾಸ್ ಆಗುತ್ತದೆ. ಐಸ್‌ಕ್ರೀಮಿಗೆ ಸುರಿಯಬಹುದು, ಬಿಸಿ ಹಾಲಿಗೆ ಬೆರೆಸಿ ಕುಡಿಯಬಹುದು. ಅದ್ದಲು ಮಾತ್ರ ಹೊಸ ಚಾಕೊಲೇಟ್ ಬೇಕು. ಅಂಗಡಿ ಮುಚ್ಚಿದ್ದರೆ ಉಂಡೆಗಳನ್ನು ಕೋಕೋ ಪುಡಿಯಲ್ಲೋ ಒಣ ಕೊಬ್ಬರಿ ತುರಿಯಲ್ಲೋ ಹೊರಳಿಸಿ ತಟ್ಟೆಗಿಡಿ. ಅಸಲಿಗೆ ಟ್ರಫಲ್ ಅನ್ನುವ ಹೆಸರು ಬಂದಿದ್ದೇ ಕೋಕೋ ಪುಡಿ ಮೆತ್ತಿದ ಉಂಡೆ ಮಣ್ಣಿನಡಿಯ ಆ ದುಬಾರಿ ಅಣಬೆಯ ಹಾಗೆ ಕಂಡಿದ್ದರಿಂದ. ನೆಂಟರು ಕೇಳಿದರೆ ಹಾಗೇ ಹೇಳಿ.

"ಕರಗಿದೆ, ಆದ್ರೆ ದೋಸೆ ಹಿಟ್ಟಿನ ಥರ ದಪ್ಪ"

ಗಂಟಿಲ್ಲ, ಹೊಳಪಿದೆ, ಆದರೆ ಚಮಚದಿಂದ ಹರಿಯುವ ಬದಲು ದಪ್ಪಗೆ ಬೀಳುತ್ತಿದೆ. ಮೊದಲು ಬಟ್ಟಲು ಮುಟ್ಟಿ. ತಣ್ಣಗಾಗಿದ್ದರೆ ಮೈಕ್ರೋವೇವಿನಲ್ಲಿ ಅರ್ಧ ಪವರಿಗೆ 15 ಸೆಕೆಂಡು ಇಟ್ಟು ತಿರುಗಿಸಿ.

ಬೆಚ್ಚಗಿದ್ದೂ ದಪ್ಪ ಇದ್ದರೆ ಚಾಕೊಲೇಟಿನ ಜಾತಿ ನೋಡಿ. ಕೇಕಿಗೆ ಹಾಕುವ ಚಾಕೊಲೇಟ್ ಚಿಪ್ಸ್ ಬಿಸಿಯಲ್ಲೂ ಆಕಾರ ಬಿಡದ ಹಾಗೆ ಮಾಡಿರುತ್ತಾರೆ, ಅದು ತೆಳ್ಳಗೆ ಕರಗಲ್ಲ. ಪ್ರತಿ 150 ಗ್ರಾಮಿಗೆ ಒಂದು ಟೀ ಚಮಚ ಎಣ್ಣೆ ಸೇರಿಸಿ. ತೆಂಗಿನೆಣ್ಣೆ ಒಳ್ಳೆಯದು, ತಣ್ಣಗಾದಾಗ ಗಟ್ಟಿಯಾಗುತ್ತದೆ. ಗಾಣದ ಎಣ್ಣೆಯಾದರೆ ಘಮ ಬರುತ್ತದೆ. ನನಗೆ ಇಷ್ಟ, ನಮ್ಮ ಮನೆಯಲ್ಲಿ ಇಬ್ಬರಿಗೆ ಇಷ್ಟ ಇಲ್ಲ. ಬೆಣ್ಣೆ ಹಾಕಬೇಡಿ. ಬೆಣ್ಣೆಯಲ್ಲಿ ನೀರಿದೆ, ಮತ್ತೆ ಅದೇ ಗಂಟಿನ ಕಥೆ.

ಸುಟ್ಟ ವಾಸನೆ ಬಂದು, ಒಳಗೆ ಒಣ ಚೂರು ಕಂಡರೆ ಅದು ಹೊತ್ತಿದೆ. ಬಿಳಿ ಚಾಕೊಲೇಟ್ ಬಹಳ ಬೇಗ ಹೊತ್ತುತ್ತದೆ. ಇದಕ್ಕೆ ಮದ್ದಿಲ್ಲ, ಕಹಿ ಹೋಗಲ್ಲ. ಮುಂದಿನ ಸಲ ಸಣ್ಣಗೆ ಹೆಚ್ಚಿ, ಮೈಕ್ರೋವೇವಿನಲ್ಲಿ ಮೊದಲು 30 ಸೆಕೆಂಡು, ಆಮೇಲೆ 15 ಸೆಕೆಂಡಿನಂತೆ ಬಿಸಿ ಮಾಡಿ, ಪ್ರತಿ ಸಲ ತಿರುಗಿಸಿ. ನಾಲ್ಕೈದು ಚೂರು ಉಳಿದಿರುವಾಗಲೇ ನಿಲ್ಲಿಸಿದರೆ ಉಳಿದ ಬಿಸಿಗೆ ಅವು ತಾವೇ ಕರಗುತ್ತವೆ.

"ಅದ್ದಿದ ತಕ್ಷಣ ಉಂಡೆ ಕರಗಿ ಬಿದ್ದುಬಿಡುತ್ತೆ"

ನನ್ನ ಎರಡು ಉಂಡೆ ಮುಳುಗಿದ್ದು ಹೀಗೆ. ಉಂಡೆ ಮೆತ್ತಗಿತ್ತು, ಚಾಕೊಲೇಟ್ ಬಿಸಿಯಾಗಿತ್ತು. ಎರಡನ್ನೂ ಪರೀಕ್ಷಿಸುವುದು ಸುಲಭ. ಉಂಡೆಯನ್ನು ಹೆಬ್ಬೆರಳಿಂದ ಮೆಲ್ಲಗೆ ಒತ್ತಿ. ಗುಳಿ ಬಿದ್ದರೆ ಫ್ರೀಜರಿನಲ್ಲಿ 15 ನಿಮಿಷ ಇಡಿ. ಚಾಕೊಲೇಟಿನ ಒಂದು ಹನಿಯನ್ನು ಕೆಳತುಟಿಗೆ ಸೋಕಿಸಿ, ಅದೂ ಸ್ವಲ್ಪ ಹೊತ್ತು ಹೊರಗಿದ್ದು ಆರಿದ ಮೇಲೆ. ಬೆಚ್ಚಗೆ ಅನ್ನಿಸಿದರೆ ಸರಿ. ಬಿಸಿ ಅನ್ನಿಸಿದರೆ ಇನ್ನೂ ಕಾಯಿರಿ. ಒಲೆಯಿಂದ ಇಳಿಸಿದ ಕೂಡಲೇ ಈ ಪರೀಕ್ಷೆ ಬೇಡ, ತುಟಿ ಸುಡುತ್ತದೆ.

ಎಲ್ಲವನ್ನೂ ಒಟ್ಟಿಗೆ ಹೊರಗೆ ತೆಗೆಯಬೇಡಿ. ಎಂಟು ಉಂಡೆ ತೆಗೆದು, ಅದ್ದಿ ಮುಗಿಸಿ, ಮುಂದಿನ ಎಂಟು. ಒಂದೊಂದಾಗಿ ಫೋರ್ಕಿನ ಮೇಲಿಟ್ಟು ಚಾಕೊಲೇಟ್ ಸುರಿದರೆ ಇನ್ನೂ ಭದ್ರ. ಬಟ್ಟಲಿನ ಅಂಚಿಗೆ ಫೋರ್ಕನ್ನು ಎರಡು ಮೂರು ಸಲ ತಟ್ಟಿ. ತಟ್ಟದಿದ್ದರೆ ಹೆಚ್ಚಿನ ಚಾಕೊಲೇಟ್ ಕೆಳಗಿಳಿದು ಉಂಡೆಗೆ ಅಗಲ ಪಾದ ಮೂಡುತ್ತದೆ. ಪಾದ ಮೂಡಿದರೆ ಅದೇನು ದೋಷ ಅಲ್ಲ, ಆರಿದ ಮೇಲೆ ಚಾಕುವಿನಲ್ಲಿ ಕತ್ತರಿಸಿ ನೀವೇ ತಿನ್ನಿ.

"ಮೇಲಿನ ಪದರ ಬಿರುಕು ಬಿಟ್ಟಿದೆ"

ಹಿಂದಿನದಕ್ಕೆ ಇದು ಪೂರಾ ಉಲ್ಟಾ. ಫ್ರೀಜರಿನಲ್ಲಿ ಕಲ್ಲಾದ ಉಂಡೆಯನ್ನು ನೇರವಾಗಿ ಅದ್ದಿದರೆ ಮೇಲಿನ ಚಾಕೊಲೇಟ್ ಕ್ಷಣದಲ್ಲಿ ಬಿಗಿದುಕೊಳ್ಳುತ್ತದೆ. ಆಮೇಲೆ ಒಳಗಿನ ಉಂಡೆ ಬೆಚ್ಚಗಾಗುತ್ತಾ ಹಿಗ್ಗುತ್ತದೆ. ಅಂಗಿ ಬಿಗಿ, ಹೊಟ್ಟೆ ದೊಡ್ಡದು. ಗುಂಡಿ ಕಿತ್ತುಬರಲೇಬೇಕು. ಹತ್ತು ಇಪ್ಪತ್ತು ನಿಮಿಷ ಕಾದು ನೋಡಿದರೆ ಕೂದಲೆಳೆಯಂಥ ಗೆರೆ ಮೇಲಿಂದ ಕೆಳಗೆ ಓಡುತ್ತದೆ, ಕೆಲವು ಕಡೆ ಸೂಜಿ ಮೊನೆಯಷ್ಟು ತೂತಿಂದ ಒಳಗಿನ ಜಿಡ್ಡು ಹನಿಯಾಗಿ ಹೊರಗೆ ಬರುತ್ತದೆ.

ಫ್ರೀಜರಿನಿಂದ ತೆಗೆದ ಉಂಡೆಯನ್ನು ಅದ್ದುವ ಮೊದಲು ಐದರಿಂದ ಹತ್ತು ನಿಮಿಷ ಹೊರಗಿಡಿ. ಮೇಲೆ ನೀರು ಕೂತಿದ್ದರೆ ಟಿಶ್ಯೂ ಪೇಪರಿನಲ್ಲಿ ಒತ್ತಿ ತೆಗೆಯಿರಿ. ಫ್ರಿಜ್ಜಿನಲ್ಲಿಟ್ಟದ್ದಾದರೆ ಇಷ್ಟು ರಗಳೆ ಇಲ್ಲ, ಅದಕ್ಕೇ ಸಮಯ ಇದ್ದರೆ ನಾನು ಫ್ರಿಜ್ಜನ್ನೇ ನಂಬುತ್ತೇನೆ. ಈಗಾಗಲೇ ಬಿರುಕು ಬಿಟ್ಟಿದ್ದರೆ ಉಳಿದ ಚಾಕೊಲೇಟನ್ನು ಚಮಚದ ತುದಿಯಿಂದ ಗೆರೆಗೆರೆಯಾಗಿ ಮೇಲೆ ಎಳೆಯಿರಿ. ಅಲಂಕಾರ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ.

"ಮಾರನೇ ದಿನ ಬಿಳಿ ಬಿಳಿ ಕಲೆ. ಬೂಷ್ಟು ಹಿಡಿದಿದೆಯಾ?"

ಮೂರು ಥರ ಇರಬಹುದು. ಒಂದನ್ನು ಬೆಳಕಿಗೆ ಹಿಡಿದು ನೋಡಿ. ಹತ್ತಿಯ ಎಳೆಯ ಹಾಗೆ ಎದ್ದು ನಿಂತಿದ್ದರೆ, ಹಸಿರು ಬೂದು ಬಣ್ಣವಿದ್ದರೆ, ಹುಳಿ ವಾಸನೆ ಇದ್ದರೆ ಅದು ಬೂಷ್ಟೇ. ಕೆರೆದು ತಿನ್ನುವುದು ಬೇಡ, ಇಡೀ ಡಬ್ಬಿ ಎಸೆಯಿರಿ. ಒಂದೇ ದಿನಕ್ಕೆ ಹಾಗಾಗುವುದು ಅಪರೂಪ.

ಕಲೆ ಚಪ್ಪಟೆಯಾಗಿದ್ದರೆ ಬೆರಳಿಂದ ಉಜ್ಜಿ. ಕರಗಿ ಮಾಯವಾದರೆ ಅದು ಚಾಕೊಲೇಟಿನ ಕೊಬ್ಬು ಮೇಲಕ್ಕೆ ಬಂದಿರುವುದು. ದೊರಗಾಗಿ, ಸಕ್ಕರೆ ಮುಟ್ಟಿದ ಹಾಗೆ ಅನ್ನಿಸಿದರೆ ಮೇಲೆ ನೀರು ಕೂತು, ಸಕ್ಕರೆ ಕರಗಿ, ಆಮೇಲೆ ನೀರು ಆರಿದೆ. ಎರಡೂ ತಿನ್ನಲು ಏನೂ ತೊಂದರೆ ಇಲ್ಲ. ನೋಟ ಮಾತ್ರ ಕೆಟ್ಟಿದೆ. ಸ್ವಲ್ಪ ಕೋಕೋ ಪುಡಿ ಜರಡಿಯಲ್ಲಿ ಉದುರಿಸಿದರೆ ಮುಚ್ಚಿಹೋಗುತ್ತದೆ.

ಕೊಬ್ಬಿನ ಕಲೆ ಬಂದಿದ್ದರೆ ಪ್ಯಾಕೆಟಿನ ಹಿಂಭಾಗ ಓದಿ. ವೆಜಿಟೇಬಲ್ ಫ್ಯಾಟ್ ಅಂತಿದ್ದರೆ ಅದು ಕಾಂಪೌಂಡ್, ಸುಮ್ನೆ ಕರಗಿಸಿ ಅದ್ದಿದರೆ ಸಾಕು. ಕೋಕೋ ಬಟರ್ ಮಾತ್ರ ಇದ್ದರೆ ಅದು ಅಸಲಿ ಚಾಕೊಲೇಟ್, ಅದನ್ನು ಟೆಂಪರ್ ಮಾಡಬೇಕು, ಅಂದರೆ ಲೆಕ್ಕದಂತೆ ಕರಗಿಸಿ, ತಣಿಸಿ, ಮತ್ತೆ ಬೆಚ್ಚಗೆ ಮಾಡಬೇಕು. ಕೋಕೋ ಬಟರ್ ಆರು ಬಗೆಯಲ್ಲಿ ಹರಳುಗಟ್ಟುತ್ತದೆ. ಹೊಳಪು, ಕಟಕ್ ಅನ್ನುವ ಗಟ್ಟಿತನ ಎರಡೂ ಕೊಡುವುದು ಐದನೆಯ ಬಗೆ. ಡಾರ್ಕ್ ಚಾಕೊಲೇಟನ್ನು 45ರಿಂದ 50 ಡಿಗ್ರಿವರೆಗೆ ಕರಗಿಸಿ, 27-28ಕ್ಕೆ ಇಳಿಸಿ, ಮತ್ತೆ 31-32ಕ್ಕೆ ಏರಿಸಿದರೆ ಆ ಹರಳು ಸಿಗುತ್ತದೆ. ಥರ್ಮಾಮೀಟರ್ ಇಲ್ಲದವರು ಮೂರರಲ್ಲಿ ಎರಡು ಭಾಗ ಕರಗಿಸಿ, ಉಳಿದ ಒಂದು ಭಾಗವನ್ನು ಸಣ್ಣಗೆ ಹೆಚ್ಚಿ ಹಾಕಿ ತಣ್ಣಗಾಗುವವರೆಗೆ ತಿರುಗಿಸುತ್ತಾರೆ. ಚಾಕುವಿನ ತುದಿ ಅದ್ದಿ ಇಡಿ. ಐದಾರು ನಿಮಿಷದಲ್ಲಿ ಹೊಳೆಯುತ್ತಾ ಗಟ್ಟಿಯಾದರೆ ಗೆದ್ದಿರಿ.

ಪಾರ್ಟಿಗೆ ಇನ್ನು ಎರಡು ತಾಸು ಇದೆ ಅನ್ನುವಾಗ ಇದಕ್ಕೆ ಕೈಹಾಕಬೇಡಿ ಅನ್ನುವುದು ನನ್ನ ಮಾತು. ಕಾಂಪೌಂಡ್ ತನ್ನಿ. ಅರ್ಧ ಕಾಂಪೌಂಡ್, ಅರ್ಧ ಅಸಲಿ ಬೆರೆಸುವ ಜಾಣತನವೂ ಬೇಡ. ಎರಡರ ಕೊಬ್ಬು ಒಂದಕ್ಕೊಂದು ಹೊಂದಲ್ಲ, ಮೆತ್ತಗೂ ಆಗುತ್ತದೆ, ಕಲೆಯೂ ಬರುತ್ತದೆ.

"ಫ್ರಿಜ್ಜಿಂದ ತೆಗೆದ ಕೂಡಲೇ ಬೆವರುತ್ತೆ"

ಬೆಂಗಳೂರಿನ ಡಿಸೆಂಬರಿನಲ್ಲಿ ಇದು ಅಷ್ಟಾಗಿ ಕಾಣಲ್ಲ. ಮಂಗಳೂರಿನ ನಮ್ಮ ಅತ್ತಿಗೆಗೆ ಪ್ರತಿ ವರ್ಷದ ತಲೆನೋವು. ಅಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನ 30 ಡಿಗ್ರಿ ದಾಟುತ್ತದೆ, ಗಾಳಿಯಲ್ಲಿ ತೇವ. ಪಕ್ಕದ ಮನೆಯವರ ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯಲ್ಲಿ ಕಿಡಿಯೊ, ನೆವ್ರಿ ಗರಿಗರಿಯಾಗಿ ಕೂತಿರುತ್ತವೆ, ಇವರ ಟ್ರಫಲ್ ಮಾತ್ರ ಮುಖ ತೊಳೆದ ಹಾಗೆ. ತಮಾಷೆ ಅಂದರೆ ಅಲ್ಲೇ ಪುತ್ತೂರಿನಲ್ಲಿ 1986ರಿಂದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಚಾಕೊಲೇಟ್ ಕಾರ್ಖಾನೆ ಇದೆ, ಸುತ್ತಲಿನ ಅಡಿಕೆ ತೋಟಗಳ ನಡುವೆ ಕೋಕೋ ಬೆಳೆಯುತ್ತದೆ. ಬೆಳೆಗೆ ಒಗ್ಗುವ ಸೆಕೆ ತಟ್ಟೆಗೆ ಬಂದ ಚಾಕೊಲೇಟಿಗೆ ಒಗ್ಗಲ್ಲ.

ತಣ್ಣನೆಯ ಉಂಡೆಗೆ ತೇವದ ಗಾಳಿ ತಾಗಿದರೆ ನೀರು ಕೂರುತ್ತದೆ. ತಂಪು ನೀರಿನ ಲೋಟದ ಹೊರಗೆ ಹನಿ ಮೂಡುತ್ತದಲ್ಲ, ಅದೇ. ಪರಿಹಾರಕ್ಕೆ ಖರ್ಚಿಲ್ಲ: ಗಾಳಿಯಾಡದ ಡಬ್ಬಿಯಲ್ಲಿಟ್ಟು, ಹೊರಗೆ ತೆಗೆದ ಮೇಲೆ ಅರ್ಧ ಗಂಟೆ ಮುಚ್ಚಳ ತೆಗೆಯಬೇಡಿ. ಬೆವರು ಡಬ್ಬಿಯ ಹೊರಗೆ ಕೂರುತ್ತದೆ. ಆಗಲೇ ಬೆವರಿದ್ದರೆ ಒರೆಸಬೇಡಿ, ಬೆರಳಿನ ಗುರುತು ಬೀಳುತ್ತದೆ. ಫ್ಯಾನಿನ ಕೆಳಗೆ ಹಾಗೇ ಆರಲು ಬಿಡಿ.

ಬೆವರಲ್ಲ, ಕೈಗೆತ್ತಿಕೊಂಡರೆ ಕರಗುತ್ತದೆ ಅನ್ನುವುದಾದರೆ ಎಣ್ಣೆ ಜಾಸ್ತಿ ಹಾಕಿದ್ದೀರಿ, ಇಲ್ಲವೇ ಅಸಲಿ ಚಾಕೊಲೇಟನ್ನು ಟೆಂಪರ್ ಮಾಡದೇ ಅದ್ದಿದ್ದೀರಿ. ಎರಡಕ್ಕೂ ಈಗ ಉಳಿದಿರುವ ದಾರಿ ಒಂದೇ. ಸಣ್ಣ ಪೇಪರ್ ಕಪ್ಪಿನಲ್ಲಿಟ್ಟು, ತಿನ್ನುವ ಹತ್ತು ನಿಮಿಷ ಮೊದಲು ಫ್ರಿಜ್ಜಿನಿಂದ ತೆಗೆಯಿರಿ.

ಇಲ್ಲಿ ಸರಿ ಮಾಡಲು ಹೋಗಬೇಡಿ

ಕ್ರೀಮ್ ಚೀಸ್ ಉಂಡೆ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸೆಕೆ 32 ಡಿಗ್ರಿ ಮೀರಿದ್ದರೆ ಒಂದೇ ಗಂಟೆ. ರಾತ್ರಿಯಿಡೀ ಮೇಜಿನ ಮೇಲೆ ಉಳಿದದ್ದನ್ನು ಬೆಳಿಗ್ಗೆ ಫ್ರಿಜ್ಜಿಗಿಟ್ಟರೆ ಅದು ಸರಿಯಾಗಲ್ಲ. ವಾಸನೆ ಚೆನ್ನಾಗಿದ್ದರೂ ಎಸೆಯಿರಿ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯದೇ ಬಿಡಿ. ನಾಲ್ಕು ಗಂಟೆ ದಾಟಿದರೆ ಇದೂ ಅದೇ ಲೆಕ್ಕ. ಫ್ರಿಜ್ಜಿನಲ್ಲಿ ಸರಿಯಾಗಿಟ್ಟರೆ ನಾಲ್ಕೈದು ದಿನ ಬರುತ್ತದೆ.

ಕರಗಿದ ಚಾಕೊಲೇಟ್ ಚರ್ಮಕ್ಕೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಬಳೆ, ಉಂಗುರ ತೆಗೆದು, ನಲ್ಲಿಯ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಐಸು, ಟೂತ್‌ಪೇಸ್ಟು, ಬೆಣ್ಣೆ ಹಚ್ಚಬೇಡಿ. ದೊಡ್ಡ ಬೊಬ್ಬೆ ಎದ್ದರೆ, ಮುಖಕ್ಕೆ ಬಿದ್ದಿದ್ದರೆ, ಸುಟ್ಟದ್ದು ಮಗುವಾದರೆ ಡಾಕ್ಟರಿಗೆ ತೋರಿಸಿ. ಸ್ಟೀಲ್ ಬಟ್ಟಲನ್ನು ಮೈಕ್ರೋವೇವಿಗೆ ಇಡಬಾರದು ಅನ್ನುವುದು ಗೊತ್ತಿರುವ ಮಾತೇ, ಆದರೆ ಅವಸರದಲ್ಲಿ ಚಮಚ ಒಳಗೇ ಮರೆಯುತ್ತೇವೆ.

ಪಾರ್ಟಿಗೆ ಬರುವವರಲ್ಲಿ ಕಡಲೆಕಾಯಿ, ಗೋಡಂಬಿ, ಹಾಲು, ಗೋಧಿ ಆಗದವರು ಇದ್ದಾರಾ ಅಂತ ಮೊದಲೇ ಕೇಳಿ. ತಿಂದ ಮೇಲೆ ತುಟಿ, ಮುಖ ಊದಿಕೊಂಡರೆ, ಉಸಿರಾಟಕ್ಕೆ ಕಷ್ಟವಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಸಸ್ಯಾಹಾರಿಗಳಿಗೆ ಕೊಡುವುದಾದರೆ ಮೇಲೆ ಉದುರಿಸುವ ಬಣ್ಣದ ಕಾಳಿನ ಪ್ಯಾಕೆಟಿನಲ್ಲಿ ಹಸಿರು ಚುಕ್ಕೆ ಇದೆಯಾ ನೋಡಿ, ಕೆಲವುದರಲ್ಲಿ ಜೆಲಾಟಿನ್ ಇರುತ್ತದೆ. ರಮ್ ಹಾಕಿದ ಉಂಡೆ ಇದ್ದರೆ ಬೇರೆ ತಟ್ಟೆ, ಬೇರೆ ಅಲಂಕಾರ, ಮೇಲೊಂದು ಚೀಟಿ. ಮಕ್ಕಳಿಗೆ ಕಣ್ಣಿಗೆ ಕಂಡದ್ದೆಲ್ಲ ಒಂದೇ. ಐದು ವರ್ಷಕ್ಕಿಂತ ಚಿಕ್ಕವರಿಗೆ ಇಡೀ ಉಂಡೆ ಕೊಡಬೇಡಿ, ನಾಲ್ಕು ಹೋಳು ಮಾಡಿ ಕೊಡಿ, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ನಾಯಿ ಇರುವ ಮನೆಯಲ್ಲಿ ತಟ್ಟೆಯನ್ನು ಟೀಪಾಯಿ ಮೇಲೆ ಇಡಬೇಡಿ. ಚಾಕೊಲೇಟ್ ನಾಯಿಗೆ ವಿಷ, ಡಾರ್ಕ್ ಆದಷ್ಟೂ ಜಾಸ್ತಿ. ತಿಂದಿದ್ದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ, ಎಷ್ಟು ತಿಂದಿತು, ಯಾವ ಚಾಕೊಲೇಟ್ ಅಂತ ಹೇಳಿ ಪಶುವೈದ್ಯರಿಗೆ ಆಗಲೇ ಫೋನ್ ಮಾಡಿ.

ಇನ್ನೊಂದು. ಅದ್ದುವಾಗ ಉಂಡೆಗೆ ಟೂತ್‌ಪಿಕ್ ಚುಚ್ಚುವ ಅಭ್ಯಾಸ ಇದ್ದರೆ ಶುರು ಮಾಡುವ ಮೊದಲು ಕಡ್ಡಿ ಎಣಿಸಿಡಿ. ಮುರಿದ ತುದಿ ಒಳಗೇ ಉಳಿದು, ಮೇಲೆ ಚಾಕೊಲೇಟ್ ಮುಚ್ಚಿಕೊಂಡರೆ ಹೊರಗಿಂದ ಗೊತ್ತಾಗಲ್ಲ. ಒಂದು ಸಲ ನನ್ನ ಲೆಕ್ಕದಲ್ಲಿ ಹನ್ನೊಂದು ಪೂರಾ ಕಡ್ಡಿ, ಒಂದು ಅರ್ಧ ಸಿಕ್ಕಿತ್ತು. ಆ ತಟ್ಟೆಯ ಹನ್ನೆರಡು ಉಂಡೆಯನ್ನೂ ಚಾಕುವಿನಲ್ಲಿ ಎರಡು ಹೋಳು ಮಾಡಿದೆ. ಉಳಿದರ್ಧ ಒಂಬತ್ತನೆಯದರಲ್ಲಿತ್ತು.